ಮಂಡಿಯ ತೀರ್ಥಯಾತ್ರೆ

ಸ್ನಾನಕ್ಕೆ ಹೊರಡುವ ಮುಂಚೆ ತಿರುಮಲೇಶರು ಗ್ಲೆನ್ ವೇವರ್ಲಿಯ ಮಗನ ಮನೆಯಲ್ಲಿ ಸ್ನಾನ ಮಾಡಿದರು. ಹೆಂಡತಿ ಸಾವಿತ್ರಮ್ಮನಿಗೂ ಮಾಡಿಸಿದರು. ಹೆಪ್‌ಬರ್ನ್ ಸ್ಪ್ರಿಂಗ್ಸ್‌ಗೆ ಬಂದರೆ, ಅಲ್ಲಿನ ಖನಿಜದ ಬಿಸಿನೀರಿನ ಕೊಳಕ್ಕೆ ಇಳಿಯುವ ಮುಂಚೆ ಇನ್ನೊಂದು ಸ್ನಾನ ಆಗಲೇಬೇಕಂತೆ. ಮನೆಗೆ ಮರಳಿದ ಮೇಲೆ ಮತ್ತೊಂದು ತಪ್ಪಿದ್ದಲ್ಲ, ಹತ್ತು ಜನ ಮುಳುಗೆದ್ದ ನೀರು ಮೈಲಿಗೆಯಲ್ಲವೇ? ಇಷ್ಟು ಮೀಯಿಸಿಕೊಂಡೂ ಸರಿಹೋಗದಿದ್ದರೆ ಮಂಡಿಗೇ ನಾಚಿಕೆಯಾಗಬೇಕು ಎಂದುಕೊಂಡರು ಸಾವಿತ್ರಮ್ಮ.

ಗುರುವಾರ ಅವರ ಬಲಮಂಡಿಯ ಆಪರೇಷನ್. ಕಾದೂ ಕಾದೂ ಸಿಕ್ಕ ಸರದಿ. ಬಿಟ್ಟರೆ ಮತ್ತೆ ಸಾಲಿನ ಬಾಲ. ಆದರೆ ಮೈಸೂರಿನಲ್ಲಿ ಜೀವಮಾನವಿಡೀ ಭೌತಶಾಸ್ತ್ರ ಕಲಿಸಿದ ಯಜಮಾನರಿಗೆ ಈಗ ಖನಿಜದ ನೀರಿನ ಮೇಲೆ ಇದ್ದಕ್ಕಿದ್ದಂತೆ ಭಕ್ತಿ ಉಕ್ಕಿತ್ತು.

"ನೂರು ವರ್ಷದಿಂದ ಜನ ಬರ್ತಿದಾರೆ, ಅವರೆಲ್ಲ ದಡ್ಡರಾ? ನೋವು ಹೋಯ್ತೋ, ಆಪರೇಷನ್ ಕ್ಯಾನ್ಸಲ್!"

ಭಕ್ತಿಯೇನೋ ಇತ್ತು, ಇಳಿಯುವ ಮನಸ್ಸಿರಲಿಲ್ಲ. ಜನಿವಾರ ಕಾಣದಂತೆ ಟವೆಲ್ ಹೊದ್ದು ಕೊಳದ ಅಂಚಿನಲ್ಲೇ ಕುಳಿತರು. ಸೊಸೆ ಶಾಲಿನಿ ತಂದುಕೊಟ್ಟ ತುಂಬುತೋಳಿನ ಈಜುಡುಗೆಯಲ್ಲಿ ಸಾವಿತ್ರಮ್ಮ ಕಂಬಿ ಹಿಡಿದು, ಉಸ್ಸಪ್ಪಾ ಎನ್ನುತ್ತ ಒಬ್ಬರೇ ಇಳಿದರು.

ನೀರು ಎದೆಮಟ್ಟಕ್ಕೆ ಬಂದದ್ದೇ ತಡ, ನೋವು ಮಾಯ! ಅನುಮಾನ ಬಂದು ಬಲಗಾಲೊಂದರ ಮೇಲೇ ನಿಂತು ನೋಡಿದರು. ಇಲ್ಲ, ಎಲ್ಲೂ ಇಲ್ಲ. ಕಿಟಕಿಯ ಗಾಜಿನಾಚೆ ಬೆಟ್ಟದ ಮೇಲೆ ಬಿಸಿಲು ಬಿದ್ದಿತ್ತು. ಎಷ್ಟೋ ವರ್ಷಗಳ ಮೇಲೆ ಮೈ ಹಗುರಾಗಿತ್ತು, ಅಳು ಬರುವಷ್ಟು ಸುಖ. ಮರುಕ್ಷಣವೇ ಎಡಗಾಲನ್ನೂ ಊರಿ ಗಂಡನತ್ತ ಕಳ್ಳನೋಟ ಬೀರಿದರು. ಇವರಿಗೆ ಗೊತ್ತಾದರೆ ಗುರುವಾರದ ಕಥೆ ಮುಗಿದಂತೆ.

"ಹೇಗಿದೆ?" ಎಂದರು ತಿರುಮಲೇಶರು.

ಸಾವಿತ್ರಮ್ಮ ಹರಳೆಣ್ಣೆ ಕುಡಿದ ಮುಖ ಮಾಡಿದರು. "ಹಾಗೇ ಇದೆ. ಇನ್ನೂ ಜಾಸ್ತಿ ಆದಂಗಿದೆ."

ಆ ನೀರಿನಲ್ಲಿರುವ ಮೆಗ್ನೀಷಿಯಂ ಮೇಲೆ ಒಂದು ಉಪನ್ಯಾಸ ಗ್ಯಾರಂಟಿ ಎಂದುಕೊಂಡಿದ್ದರು. ಆದರೆ ಯಜಮಾನರು ಟವೆಲಿನ ತುದಿ ಹಿಂಡುತ್ತ ಕುಳಿತಿದ್ದರು.

"ಅನಸ್ತೇಷಿಯಾ ಕೊಟ್ಮೇಲೆ ನೀನು ಏಳ್ದೇ ಹೋದ್ರೆ?" ಎಂದರು ಕೊನೆಗೆ. "ನಾನೇನ್ ಮಾಡ್ಲಿ, ಸಾವಿತ್ರಿ?"

ತಿಂಗಳಿಂದ ಗಂಡನ ಮೇಲೆ ಕುದಿಯುತ್ತಿದ್ದ ಸಾವಿತ್ರಮ್ಮ ನೀರು ಸರಿಸುತ್ತ ಅಂಚಿನ ಹತ್ತಿರ ಬಂದರು. ಇಷ್ಟು ಹೇಳಲು ಈ ಮನುಷ್ಯ ಇಷ್ಟು ದೂರ ಬರಬೇಕಾಯಿತೇ!

"ಸುಳ್ಳು ಹೇಳ್ದೆ ರೀ. ನೀರೊಳಗೆ ನೋವೇ ಇಲ್ಲ."

ಅವರ ಮುಖ ಅರಳಿತು. "ಹಾಗಾದ್ರೆ..."

"ಹಾಗಾದ್ರೆ ಏನು? ಕತ್ತಿನವರೆಗೂ ಮುಳುಗಿಕೊಂಡು ಸಂಸಾರ ಮಾಡೋಕಾಗುತ್ತಾ? ನಾನು ನೆಲದ ಮೇಲೆ ನಡೀಬೇಕು." ಸಾವಿತ್ರಮ್ಮ ಒದ್ದೆ ಕೈಯನ್ನು ಗಂಡನ ಪಾದದ ಮೇಲಿಟ್ಟರು. "ನಂಗೂ ಭಯ ಇದೆ ರೀ. ಅದಕ್ಕೇ ಆಪರೇಷನ್ ಆಗೋವಾಗ ನೀವು ಹೊರಗಡೆ ಕೂತಿರ್ಬೇಕು."

ತಿರುಮಲೇಶರು ಟವೆಲಿನ ತುದಿಯಿಂದ ಆ ಕೈಯನ್ನು ಒರೆಸಿದರು.

"ಎಷ್ಟೊತ್ತು ಕೂತಿರ್ಬೇಕಾಗುತ್ತಂತೆ?" ಎಂದು ಕೇಳಿದರು.