ಏಳನೆಯ ಹಾಡಿಗೆ ಬೀಳದ ಪೆಟ್ಟು

ಮಾರ್ಚ್ ಹದಿನಾಲ್ಕು, ಭಾನುವಾರ, ಮಧ್ಯಾಹ್ನ ನಾಲ್ಕು ಗಂಟೆ. ಸಭಾಂಗಣದಲ್ಲಿ ಇನ್ನೂರ ಹನ್ನೆರಡು ಕುರ್ಚಿಗಳು; ಅವುಗಳಲ್ಲಿ ಖಾಲಿ ಇದ್ದವು ಒಂಬತ್ತು. ವೇದಿಕೆಯ ಮೇಲೂ ಎರಡು ಕುರ್ಚಿ ಹಾಕಿದ್ದರು, ಹೊಸ ಸಂಗತಿಯೆಂದರೆ ಅದೇ. ಇಪ್ಪತ್ತೊಂಬತ್ತು ವರ್ಷ ನಿಂತು, ಜಿಗಿದು, ಗಂಟಲು ಹರಿಯುವಂತೆ ಹಾಡಿದ ರಾಕ್ ತಂಡವೊಂದು ತನ್ನ ಹಳೆಯ ಹನ್ನೊಂದು ಹಾಡುಗಳನ್ನು ಈಗ ಕುಳಿತು, ಮೆಲುದನಿಯಲ್ಲಿ, ಜನರ ಎದುರಿನಲ್ಲಿಯೇ ಧ್ವನಿಮುದ್ರಣ ಮಾಡಲು ಹೊರಟಿತ್ತು.

ತಂಡದಲ್ಲಿ ಮೂವರು: ಅಕ್ಕ, ಅವಳ ಗಂಡ, ತಮ್ಮ. ಭಾವ ಹಾಡಿ ಗಿಟಾರ್ ನುಡಿಸುತ್ತಿದ್ದರು, ಅಕ್ಕ ಕೀಬೋರ್ಡ್. ತಮ್ಮನದು ಡ್ರಮ್ಸ್. ಲೆಕ್ಕ ತಪ್ಪದವನೆಂದು ಅವನಿಗೆ ‘ಗಡಿಯಾರ’ ಎಂಬ ಅಡ್ಡಹೆಸರು ಬಿದ್ದಿತ್ತು. ವಯಸ್ಸು ಐವತ್ತಮೂರು. ಮದುವೆಯಾಗಿರಲಿಲ್ಲ. ವಾರಕ್ಕೆ ಮೂರು ದಿನದ ಅಭ್ಯಾಸವನ್ನು ಬಿಟ್ಟರೆ ಅವನೊಡನೆ ಮಾತನಾಡುವವರು ಯಾರೂ ಇರಲಿಲ್ಲ.

ಆರು ವಾರಗಳ ಹಿಂದೆ ಕಿವಿಯ ವೈದ್ಯೆ ಅವನ ಮುಂದೆ ಒಂದು ಹಾಳೆ ಇಟ್ಟಿದ್ದಳು. ಬಲಗಿವಿಗೆ ಅರವತ್ತೈದು ಡೆಸಿಬಲ್‌ಗಿಂತ ಕೆಳಗಿನದು ಕೇಳಿಸದು, ಎಡಗಿವಿಗೆ ಎಪ್ಪತ್ತು. “ಮನೆಯವರಿಗೆ ಹೇಳಿದೀರಾ?” ಎಂದು ಕೇಳಿದಳು. ಅವನು ಹೇಳಿರಲಿಲ್ಲ. ಹೇಳಿದರೆ ಆ ಮೂರು ದಿನಗಳೂ ಹೋಗುತ್ತವೆ ಎಂಬುದಕ್ಕೆ ದೊಡ್ಡ ಗಣಿತವೇನೂ ಬೇಕಿರಲಿಲ್ಲ.

ಅಬ್ಬರದ ದಿನಗಳಲ್ಲಿ ಕಿವಿಯ ಹಂಗು ಇರಲಿಲ್ಲ. ಸ್ಪೀಕರುಗಳ ನಡುಕ ನೆಲದಿಂದ ಸ್ಟೂಲಿಗೆ, ಸ್ಟೂಲಿನಿಂದ ಪಕ್ಕೆಲುಬಿಗೆ ಏರಿ ಬರುತ್ತಿತ್ತು. ಅಲ್ಲದೆ ಆಗ ಉಳಿದವರೇ ಅವನನ್ನು ಹಿಂಬಾಲಿಸುತ್ತಿದ್ದರು. ಈಗ ಎಲ್ಲವೂ ತಿರುವುಮುರುವು. ಭಾವ ಮನಸ್ಸು ಬಂದಲ್ಲಿ ನಿಲ್ಲಿಸುವರು, ಮನಸ್ಸು ಬಂದಾಗ ಎತ್ತುವರು. ಇವನು ಕೋಲಿನ ಬದಲು ತಂತಿಯ ಬ್ರಷ್ ಹಿಡಿದು, ಡ್ರಮ್ಮಿನ ಚರ್ಮವನ್ನು ಸವರುತ್ತ ಅವರ ಹಿಂದೆ ಹೋಗಬೇಕು. ಕೇಳದವನು ಹಿಂದೆ ಹೋಗುವುದಾದರೂ ಹೇಗೆ? ಮಾತನ್ನು ಎದುರಿನವರ ತುಟಿ ನೋಡಿ ಹಿಡಿಯುತ್ತಿದ್ದ; ಹಾಡಿಗೂ ಅಂಥದೊಂದು ದಾರಿ ಕಂಡುಕೊಂಡಿದ್ದ. ಹಾಡುವಾಗ ಭಾವನ ಬಲಗಾಲು ತಾನಾಗಿಯೇ ತಾಳ ಹಾಕುತ್ತಿತ್ತು. ಅವನು ಆ ಬೂಟಿನಿಂದ ಕಣ್ಣು ಕೀಳುತ್ತಿರಲಿಲ್ಲ. ಐದು ವಾರದ ಅಭ್ಯಾಸದಲ್ಲಿ ಒಂದು ಪೆಟ್ಟೂ ತಪ್ಪಿರಲಿಲ್ಲ.

“ಏನು ಗಡಿಯಾರಪ್ಪ, ನನ್ನ ಬೂಟಿನ ಮೇಲೆ ಕಣ್ಣು ಹಾಕಿದೀಯಲ್ಲ? ನಾನು ಸತ್ತ ಮೇಲೆ ನಿನಗೇ ಕೊಡ್ತೀನಿ ಬಿಡು” ಎಂದು ಭಾವ ಒಮ್ಮೆ ಛೇಡಿಸಿದ್ದರು.

“ಅಳತೆ ಆಗಲ್ಲ ಭಾವ” ಎಂದಿದ್ದ.

ಅಂದು ಆರು ಹಾಡುಗಳು ಸುಸೂತ್ರವಾಗಿ ಮುಗಿದವು. ಏಳನೆಯದು ಒಂದು ಕಾಲದಲ್ಲಿ ಅವರ ಅತಿ ವೇಗದ ಹಾಡು: ನಿಮಿಷಕ್ಕೆ ನೂರ ಎಂಬತ್ತಾರು ಪೆಟ್ಟು. ಈಗ ಅದರ ಮೂರನೆಯ ಒಂದು ಭಾಗ, ಅರವತ್ತೆರಡು. ಮೊದಲು ಭಾವ ಒಬ್ಬರೇ ಹಾಡುವರು. ಬಳಿಕ ತಮಗೆ ತೋಚಿದಷ್ಟು ಹೊತ್ತು ಮೌನ. ಬಳಿಕ ಮೂವರೂ ಒಟ್ಟಿಗೆ. ಮೌನದಲ್ಲಿಯೂ ಆ ಬೂಟು ನಿಲ್ಲುತ್ತಿರಲಿಲ್ಲ; ಮತ್ತೆ ಎತ್ತುವ ಮುನ್ನ ಒಮ್ಮೆ ಎತ್ತರಕ್ಕೆ ಎದ್ದು ಬೀಳುತ್ತಿತ್ತು.

ಹಾಡು ಶುರುವಾಗುವ ಮುನ್ನ ಸೌಂಡಿನವನು ಬೆನ್ನು ಬಗ್ಗಿಸಿಕೊಂಡು ವೇದಿಕೆಗೆ ಬಂದು ಭಾವನ ಕಿವಿಯಲ್ಲಿ ಏನೋ ಹೇಳಿ ಹೋದ. ವೈರಿನ ವಿಚಾರವಿರಬೇಕು ಎಂದುಕೊಂಡ ಗಡಿಯಾರ. ವಾಸ್ತವದಲ್ಲಿ ಸೌಂಡಿನವನು ಹೇಳಿದ್ದು ಇಷ್ಟೇ: “ಅಣ್ಣ, ಕಾಲಿನ ಸದ್ದು ಮೈಕಲ್ಲಿ ಬೀಳ್ತಾ ಇದೆ.” ಭಾವ ತಲೆಯಾಡಿಸಿ ಬಲಗಾಲನ್ನು ಕುರ್ಚಿಯ ಕಾಲಿಗೆ ಸುತ್ತಿ ಬಿಗಿಹಿಡಿದರು.

ಒಬ್ಬರೇ ಹಾಡುವ ಭಾಗ ಮುಗಿದು ಭಾವನ ತುಟಿಗಳು ನಿಂತವು. ಗಡಿಯಾರ ಬ್ರಷ್ ಎತ್ತಿ ಬೂಟಿನತ್ತ ನೋಡಿದ. ಅದು ಕದಲಲಿಲ್ಲ. ನಾಲ್ಕು, ಎಂಟು, ಹನ್ನೆರಡು ಎಂದು ಎಣಿಸಿದ. ಭಾವ ಮುಂದಕ್ಕೆ ಬಾಗಿದ್ದರಿಂದ ಅವರ ಬಾಯಿ ಈಗ ಮೈಕಿನ ಮರೆಯಲ್ಲಿತ್ತು. ಕಣ್ಣು ಹೊರಳಿಸಿ ಅಕ್ಕನತ್ತ ನೋಡುವಷ್ಟರಲ್ಲಿ ಅವಳ ಬೆರಳುಗಳು ಆಗಲೇ ಓಡಾಡುತ್ತಿದ್ದವು. ಹಾಡು ಅವನನ್ನು ಬಿಟ್ಟು ಹೊರಟುಬಿಟ್ಟಿತ್ತು. ವೇಗ ಗೊತ್ತಿತ್ತು, ಮೊದಲ ಪೆಟ್ಟು ಎಲ್ಲಿ ಬಿತ್ತೆಂಬುದು ಗೊತ್ತಿರಲಿಲ್ಲ. ಮೊದಲನೆಯದು ತಿಳಿಯದೆ ಎರಡನೆಯದನ್ನು ಎಣಿಸುವಂತಿಲ್ಲ. ಬ್ರಷ್‌ಗಳನ್ನು ತೊಡೆಯ ಮೇಲಿಟ್ಟು, ಮುಖದ ಮೇಲೆ ಏನೂ ತೋರಗೊಡದೆ, ಹಾಡು ಮುಗಿಯುವ ತನಕ ಸುಮ್ಮನೆ ಕುಳಿತ. ಇನ್ನೂರ ಮೂರು ಜನ ಒಟ್ಟಿಗೆ ಎದ್ದು ನಿಂತದ್ದು ಕಾಣಿಸಿತು. ಚಪ್ಪಾಳೆ ದೂರದಲ್ಲಿ ಯಾರೋ ಕಾಗದ ಮಡಿಸಿದಷ್ಟು ಕೇಳಿಸಿತು.

ಉಳಿದ ನಾಲ್ಕು ಹಾಡುಗಳನ್ನು ಅಕ್ಕನ ಬೆರಳುಗಳನ್ನು ನೋಡಿಕೊಂಡು ಹೇಗೋ ದಾಟಿಸಿದ. ಕಾರ್ಯಕ್ರಮ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಭಾವ ಅವನ ಎರಡೂ ಭುಜ ಹಿಡಿದು ನಿಲ್ಲಿಸಿದರು.

“ಮೂವತ್ತು ವರ್ಷದಿಂದ ನಿನಗೆ ಸ್ವಲ್ಪ ಮೆಲ್ಲಗೆ ಬಾರಿಸು ಅಂತ ಬಡ್ಕೊಂಡೆ. ಇವತ್ತು ಏಳನೇದ್ರಲ್ಲಿ ಕೈ ಕಟ್ಟಿ ಕೂತುಬಿಟ್ಯಲ್ಲೋ, ಮಹಾನುಭಾವ. ಎದೆ ಹಿಂಡಿದ ಹಾಗಾಯ್ತು.”

ಸೌಂಡಿನವನು ಹೆಬ್ಬೆರಳೆತ್ತಿದ. “ಇದನ್ನೇ ಇಟ್ಕೊಳ್ಳೋಣ ಅಣ್ಣ. ಡ್ರಮ್ಸ್ ಇಲ್ದೇನೇ ಚೆನ್ನಾಗಿದೆ.”

ಭಾವ ಜೇಬಿನಿಂದ ಹಾಡುಗಳ ಪಟ್ಟಿ ತೆಗೆದು ಗೋಡೆಗೆ ಒತ್ತಿ ಹಿಡಿದು ಗೆರೆ ಎಳೆದು ಅವನತ್ತ ತಿರುಗಿದರು. “ಮುಂದಿನ ಊರಲ್ಲಿ ಎರಡನೇದು, ಐದನೇದು, ಒಂಬತ್ತನೇದೂ ಹೀಗೇ ಮಾಡೋಣ. ನಿನಗೂ ಆರಾಮು. ಇನ್ನು ಎಲ್ಲ ಅಭ್ಯಾಸಕ್ಕೂ ನೀನು ಬರೋದು ಬೇಡ, ವಾರಕ್ಕೊಂದು ದಿನ ಬಂದ್ರೆ ಸಾಕು. ಏನಂತೀಯ?”

ಹನ್ನೊಂದರಲ್ಲಿ ನಾಲ್ಕು ಹೋದರೆ ಏಳು. ಮೂರು ದಿನದಲ್ಲಿ ಎರಡು ಹೋದರೆ ಒಂದು. ಕೇಳಿಸದೆ ತಪ್ಪಿತೆಂದು ಹೇಳಿದರೆ ಆ ಒಂದೂ ಉಳಿಯದು.

“ಆಗಲಿ ಭಾವ” ಎಂದ.

ಭಾವ ವಾಹನ ತರಲು ಹೋದ ಮೇಲೆ ಅಕ್ಕ ತಮ್ಮನ ಎದುರಿಗೆ ಬಂದು ನಿಂತಳು.

“ಬೇಕು ಅಂತಲೇ ಬಿಟ್ಯೇನೋ?”

ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ.

“ನೀನು ಬರ್ತೀಯ ಅಂತ ಎರಡನೇ ಸಾಲಿನ ಸ್ವರಾನ ನಾಲ್ಕು ಸಲ ಅಲ್ಲೇ ತಿರುಗಿಸ್ದೆ. ಗಂಡನ ಹತ್ರ ಬೈಸಿಕೊಂಡ್ರೂ ಪರವಾಗಿಲ್ಲ ಅಂತ ಕಾದೆ. ನಿನಗೆ ಕೇಳಿಸಲಿಲ್ವಾ?”

ಕೀಬೋರ್ಡಿನ ಪೆಟ್ಟಿಗೆ ಭಾರವಾದದ್ದು, ಇಬ್ಬರು ಹಿಡಿಯಬೇಕು. ಅವನು ಬಗ್ಗಿ ಒಂದು ತುದಿಯನ್ನು ಎತ್ತಿದ. ಅವಳು ಇನ್ನೊಂದು ತುದಿ ಹಿಡಿದು ಹಿಮ್ಮುಖವಾಗಿ ಮೆಟ್ಟಿಲು ಇಳಿಯತೊಡಗಿದಳು. ಹಾಗಾಗಿ ಅವಳ ಮುಖ ಕೊನೆಯವರೆಗೂ ಅವನ ಕಡೆಗೇ ಇತ್ತು. ಅವನು ಮೆಟ್ಟಿಲುಗಳನ್ನು ಮಾತ್ರ ನೋಡುತ್ತ ಇಳಿದ. ಒಟ್ಟು ಇಪ್ಪತ್ತೆರಡು. ಅವಳಿಗೆ ಕೊಡಬೇಕಾದ ಉತ್ತರ ಮೇಲೆ ಎಷ್ಟಿತ್ತೋ ಕೆಳಗೂ ಅಷ್ಟೇ ಬಾಕಿ ಉಳಿಯಿತು.