ಕಾದ ಅಂಗಳ

ಗಂಡ ನಮ್ಮಿಬ್ಬರಿಗೆಂದು ಕಾಯ್ದಿರಿಸಿದ್ದ ಪ್ರವಾಸಕ್ಕೆ ಅವನ ಬದಲು ಅತ್ತೆ ಬಂದರು. ಅವನು ತೀರಿಕೊಂಡ ಮೇಲೆ ನನಗೆ ಅಳುವೂ ಬಂದಿರಲಿಲ್ಲ, ನಗುವೂ ಬಂದಿರಲಿಲ್ಲ. ಅತ್ತೆಗೆ ಅದೇ ಚಿಂತೆ.

ಹಳೆಯ ಅರಮನೆಯ ಪಕ್ಕದ ಬುದ್ಧವಿಹಾರದಲ್ಲಿ ಚಪ್ಪಲಿ ಬಿಟ್ಟು ಅಂಗಳಕ್ಕಿಳಿದೆವು. ಮಧ್ಯಾಹ್ನದ ಕಲ್ಲುಹಾಸು ಕಾವಲಿಯಂತೆ ಕಾದಿತ್ತು.

"ಸಾಕ್ಸ್ ಹಾಕ್ಕೊಳ್ಳಿ ಅಂತ ಗೈಡ್ ಹೇಳಿದ್ರಲ್ಲ ಅತ್ತೆ?"

"ದೇವರ ಮುಂದೆ ಕಾಲುಚೀಲಾನಾ ಅಂತ ನಿನ್ನದನ್ನೂ ರೂಮಲ್ಲೇ ಬಿಟ್ಟು ಬಂದೆ ಕಣೇ. ಓಡು!"

ರಾಜರು ಮೆರೆದ ಅಂಗಳದಲ್ಲಿ ಅತ್ತೆ ಸೀರೆ ಎತ್ತಿ ಹಿಡಿದು ಕುಣಿಯುತ್ತಾ ಓಡಿದರು. ಅಂಗಾಲು ಚುರುಗುಟ್ಟಿ ನಾನೂ ಹಿಂದೆಯೇ ಓಡಿದೆ. ಮಲಗಿದ ಬುದ್ಧನ ನೆರಳು ಸೇರುವಷ್ಟರಲ್ಲಿ ನನಗೆ ನಗು ತಡೆಯಲಾಗಲಿಲ್ಲ.

ಅತ್ತೆ ನನ್ನ ಮುಖವನ್ನೇ ನೋಡಿದರು. "ಉರೀತಿದೆಯೇನೇ?"

"ಹೂಂ ಅತ್ತೆ, ಚೆನ್ನಾಗಿ ಉರೀತಿದೆ."

"ಹಾಗಾದ್ರೆ ಬಾ," ಎಂದು ಕೈ ಹಿಡಿದೆಳೆದರು, "ಅಂಗಳದ ಆ ಕಡೆ ಬಿಸಿಲಲ್ಲಿರೋ ಸ್ತೂಪಾನೂ ನೋಡ್ಬಿಡೋಣ."