ಮೆಟ್ಟಿಲ ಮೇಲಿನ ನೀರು

ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಒಂದರಲ್ಲಿ ಗುಂಡಿ ಹೊಲಿಯುವ ಶಂಕ್ರವ್ವ ಸೋಮವಾರ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ತಾರಸಿಯ ಟ್ಯಾಂಕ್ ತುಂಬಿ ನೀರು ಮೆಟ್ಟಿಲ ಮೇಲೆ ಚೆಲ್ಲಿತ್ತು. ಹೆಚ್ಚಿನ ನೀರು ಹೋಗುವ ಪೈಪ್ ಒಡೆದು ತಿಂಗಳಾಗಿತ್ತು, ಯಾರೂ ಸರಿಮಾಡಿಸಿರಲಿಲ್ಲ.

ಬುಧವಾರ ಫ್ಯಾಕ್ಟರಿ ಇನ್ಸ್‌ಪೆಕ್ಟರಿಗೆ ಕಳಿಸಬೇಕಾದ ವರದಿಯನ್ನು ಆಫೀಸಿನ ಶಿವಾನಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ನೀರು ‘ಪೋರಿಂಗ್ ಡೌನ್’ ಎಂದು ಬರೆದಳು. ಮ್ಯಾನೇಜರ್ ನಾಗಭೂಷಣ್ ಅಲ್ಲೇ ಬೆರಳಿಟ್ಟರು.

“ಪೋರಿಂಗ್ ಡೌನ್ ಅಂತೆ! ಇಲ್ಲೇನು ಜೋಗ ಜಲಪಾತ ಇದ್ಯಾ?”

“ಸುರೀತಾನೇ ಇತ್ತು ಸಾರ್. ನಾನೇ ನೋಡ್ದೆ.”

“ಟ್ರಿಕ್ಲಿಂಗ್ ಡೌನ್ ಅಂತ ಹಾಕಮ್ಮ. ಹೆಂಗಾದ್ರೂ ಕೆಳಗೇ ತಾನೆ ಬರೋದು?”

ಸುರಿಯುವ ನೀರಿನಲ್ಲಿ ಬಿದ್ದರೆ ತಪ್ಪು ಫ್ಯಾಕ್ಟರಿಯದು, ತೊಟ್ಟಿಕ್ಕುವ ನೀರಿನಲ್ಲಿ ಬಿದ್ದರೆ ಬಿದ್ದವರದು. ಹೋದ ವರ್ಷ ಇಸ್ತ್ರಿ ವಿಭಾಗದ ಯಲ್ಲಪ್ಪನ ಕಾಲಿಗೆ ಪೆಟ್ಟಾದಾಗ ವರದಿಯಲ್ಲಿ ‘ಸ್ವಂತ ಅಜಾಗರೂಕತೆ’ ಎಂದಿತ್ತು. ಕಾಲು ವಾಸಿಯಾಗಿ ಬಂದಾಗ ಅವನನ್ನು ಗೇಟಿನಿಂದಲೇ ವಾಪಸ್ ಕಳಿಸಿದ್ದರು. ಇದು ಶಿವಾನಿಗೆ ಗೊತ್ತಿತ್ತು. ಅವಳ ಕೆಲಸ ಕಾಯಂ ಆಗಲು ಇನ್ನೂ ಎರಡು ತಿಂಗಳಿತ್ತು. ಅವಳು ಪದ ಬದಲಿಸಿದಳು.

ಮಧ್ಯಾಹ್ನ ಸಹಿ ಹಾಕಲು ಶಂಕ್ರವ್ವ ಬಂದಳು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್.

“ಏನ್ ಬರ್ದೀರಿ, ಓದಿ ಹೇಳ್ರಿ ಮೇಡಮ್.”

“ಮೆಟ್ಟಿಲ ಮೇಲೆ ನೀರು ಇಳೀತಾ ಇತ್ತು, ಜಾರಿ ಬಿದ್ರಿ ಅಂತ.”

ಅದು ಸುಳ್ಳಲ್ಲ. ಶಿವಾನಿ ಆ ಮಾತನ್ನು ಬೆಳಿಗ್ಗೆಯಿಂದ ಹುಡುಕಿ ಇಟ್ಟುಕೊಂಡಿದ್ದಳು. ಶಂಕ್ರವ್ವ ಎಡಗೈಗೆ ಪೆನ್ನು ತೆಗೆದುಕೊಂಡು ತಡೆದಳು.

“ಎಷ್ಟ್ ನೀರು ಅಂತ ಬರ್ದೈತಿ? ಗ್ವಾಡಿ ತೊಯ್ಯುವಷ್ಟೋ, ಮನಷ್ಯಾ ಬೀಳುವಷ್ಟೋ?”

“ಅದನ್ನೆಲ್ಲ ಯಾರಮ್ಮ ಅಳೀತಾರೆ? ಸೈನ್ ಮಾಡಿ,” ಎಂದರು ನಾಗಭೂಷಣ್.

“ನಿಮ್ಮನ್ನ ಕೇಳಿಲ್ರಿ ಸಾಹೇಬ್ರ. ಬರ್ದವ್ರನ್ನ ಕೇಳೇನಿ.”

ಶಿವಾನಿ ಹಾಳೆ ನೋಡಿದಳು. “ತೊಟ್ಟು ತೊಟ್ಟಾಗಿ ಅಂತ ಬರ್ದಿದೀನಿ.”

ಶಂಕ್ರವ್ವ ಪೆನ್ನು ಕೆಳಗಿಟ್ಟಳು. “ತೊಟ್ಟು ನೀರಿಗೆ ಬೀಳಾಕ ನಾ ಏನ್ ಕುರುಡಿ ಏನ್ರಿ? ಅವತ್ತ ನನ್ನ ಎಬ್ಬಿಸಿದವ್ರು ನೀವ ಅಲ್ಲೇನು? ನಿಮ್ಮ ಚೂಡಿದಾರನೂ ತೊಯ್ದಿತ್ತು.”

“ಹೌದು.”

ಶಿವಾನಿ ಕಂಪ್ಯೂಟರಿಗೆ ಹೋಗಿ ಪದ ಅಳಿಸಿ ‘ಪೋರಿಂಗ್ ಡೌನ್’ ಎಂದು ಮತ್ತೆ ಟೈಪ್ ಮಾಡಿದಳು. ಎರಡು ಪ್ರತಿ ತೆಗೆದಳು. ಏನೆಂದು ಬರೆದಿದೆ ಎಂದು ಈ ಸಲ ಸರಿಯಾಗಿ ಹೇಳಿದಳು. ಶಂಕ್ರವ್ವ ಎಡಗೈಯಲ್ಲಿ ಸಹಿ ಮಾಡಿದಳು. ಅಕ್ಷರಗಳು ಒಂದರ ಮೇಲೊಂದು ಹತ್ತಿದವು. ನಾಗಭೂಷಣ್ ಸಹಿ ಹಾಕಲಿಲ್ಲ.

“ಇದನ್ನ ನಾನ ಒಯ್ದು ಕೊಡ್ತೀನಿ. ಇನ್ಸ್‌ಪೆಕ್ಟರ್ ಆಫೀಸ್ ಎಲ್ಲೈತ್ರಿ?” ಎಂದಳು ಶಂಕ್ರವ್ವ.

ಶಿವಾನಿ ಹಾಳೆ ತಿರುಗಿಸಿ ವಿಳಾಸ ಬರೆಯತೊಡಗಿದಳು.

“ಶಿವಾನಿ, ನಾಳೆಯಿಂದ ಬರೋದೇನೂ ಬೇಡ,” ಎಂದರು ನಾಗಭೂಷಣ್.

ಅವಳು ವಿಳಾಸ ಮುಗಿಸಿ, ಕೆಳಗೆ ಬಸ್ ನಂಬರನ್ನೂ ಬರೆದು ಕೊಟ್ಟಳು.